ಯಾವ ‘ನಾವು’?

ಕಳೆದ ವರ್ಷ ನಮ್ಮ ವಿಭಾಗದಲ್ಲಿ ಆಫ್ರಿಕಾದ ಕಾದಂಬರಿಗಳ ಮೇಲೆ ಒಂದು ಸೆಮಿನಾರು ಇತ್ತು. ಪ್ರಬಂಧದ ಜೊತೆಗೆ ನಾಲ್ಕು ಪುಟ ಅನುವಾದವೂ ಇರಲಿ ಎಂದು ಗೈಡ್ ಹೇಳಿದ್ದರಿಂದ ಸೊಮಾಲಿಯಾದ ನುರುದ್ದೀನ್ ಫರಾಹ್ ಬರೆದ ‘ಲಿಂಕ್ಸ್’ ಕಾದಂಬರಿಯ ಒಂದು ಸನ್ನಿವೇಶವನ್ನು ಕನ್ನಡಕ್ಕೆ ತರಲು ಕೂತೆ. ಮೂರು ದಿನದ ಕೆಲಸ ಅಂದುಕೊಂಡಿದ್ದೆ. ಬಂದೂಕು, ಜೀಪು, ಹೋಟೆಲು, ಮುದುಕರು, ಇದ್ಯಾವುದೂ ಕಷ್ಟ ಕೊಡಲಿಲ್ಲ. ಕಷ್ಟ ಕೊಟ್ಟದ್ದು ಇಂಗ್ಲಿಷಿನ ‘ವಿ’ ಎಂಬ ಪುಟ್ಟ ಪದ.

ಸನ್ನಿವೇಶ ಇಷ್ಟು. ಅಂತರ್ಯುದ್ಧದಲ್ಲಿ ಹೋಳಾಗಿರುವ ಮೊಗದಿಶುಗೆ ಜೀಬ್ಲೆ ಎಂಬಾತ ನ್ಯೂಯಾರ್ಕಿನಿಂದ ಬಹುಕಾಲದ ಮೇಲೆ ಬಂದಿದ್ದಾನೆ. ತಾನಿಲ್ಲದಾಗ ತೀರಿಕೊಂಡ ತಾಯಿಯ ಗೋರಿ ಎಲ್ಲಿದೆಯೆಂದು ಅವನಿಗೆ ಗೊತ್ತಾಗಬೇಕು. ಅವನು ಇಳಿದುಕೊಂಡಿರುವ ಹೋಟೆಲಿಗೆ ಅವನದೇ ಕುಲದ ಹಿರಿಯರು ದಂಡುಕಟ್ಟಿಕೊಂಡು ಬರುತ್ತಾರೆ. ಊರಿಗೆ ಬಂದ ಮಗನನ್ನು ವಿಚಾರಿಸಿಕೊಳ್ಳಲು ಬಂದವರ ಹಾಗೆ ಕಂಡರೂ ಅವರು ಬಂದಿರುವುದು ದುಡ್ಡಿಗೆ. ಕುಲದ ಯುದ್ಧವಾಹನಗಳು ಕೆಟ್ಟು ನಿಂತಿವೆ, ರಿಪೇರಿ ಆಗಬೇಕು. ಜೀಬ್ಲೆ ಕೆರಳಿ ಅವರನ್ನು ಬರಿಗೈಲಿ ಕಳಿಸುತ್ತಾನೆ.

ಕನ್ನಡದಲ್ಲಿ ‘ನಾವು’ ಎಂದು ಬರೆದರೆ ಮುಗಿಯಿತಲ್ಲ? ಮುಗಿಯಲಿಲ್ಲ. ಮನೆಯಲ್ಲಿ ನಮ್ಮದು ತುಳು. ಕಷ್ಟದ ವಾಕ್ಯವೊಂದು ಬಾಯಿಗೆ ಹೇಗೆ ಬರುತ್ತದೆ ನೋಡೋಣವೆಂದು ಮೊದಲು ತುಳುವಿನಲ್ಲಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ತುಳುವಿನಲ್ಲಿ ‘ನಾವು’ ಎರಡು. ಎದುರಿಗಿರುವ ನಿನ್ನನ್ನೂ ಸೇರಿಸಿಕೊಂಡ ನಾವು ‘ನಮ’. ನಿನ್ನನ್ನು ಬಿಟ್ಟು ನಾವಷ್ಟೇ ಎಂದರೆ ‘ಎಂಕುಲು’. ತಮಿಳಿನಲ್ಲಿ ನಾಮ್–ನಾಂಗಳ್, ತೆಲುಗಿನಲ್ಲಿ ಮನಂ–ಮೇಮು ಇರುವ ಹಾಗೆ. ಇಂದಿನ ಕನ್ನಡದಲ್ಲಿ ಈ ಭೇದ ಇಲ್ಲ. ಹಾಗಾದರೆ ಆ ಮುದುಕರು ಜೀಬ್ಲೆಯ ಎದುರು ಕೂತು ಹೇಳುವುದು ಯಾವ ‘ನಾವು’? ಹುಡುಕಿ ನೋಡಿದರೆ ಸೊಮಾಲಿ ಭಾಷೆಯಲ್ಲೂ ಇದೇ ಎರಡು ಇವೆ. ಕೇಳುವವನನ್ನು ಒಳಗೊಂಡದ್ದು ‘ಇನ್ನಗ’, ಹೊರಗಿಟ್ಟದ್ದು ‘ಅನ್ನಗ’.

ಫರಾಹ್ ಬರೆದದ್ದು ಇಂಗ್ಲಿಷಿನಲ್ಲಿ. ಕಥೆಯೊಳಗಿನ ಮುದುಕರು ಮಾತಾಡುವುದು ಸೊಮಾಲಿಯಲ್ಲಿ. ಅವರು ಜೀಬ್ಲೆಗೆ ಹೇಳುವುದು ಇನ್ನಗ, ನೀನೂ ಸೇರಿದ ನಾವು. ಜೀಬ್ಲೆಯ ಕಿವಿಗೆ ಬೀಳುವುದು ಅನ್ನಗ. ಇದು ನನ್ನ ಊಹೆ, ಆದರೆ ಈ ಊಹೆಯಿಲ್ಲದೆ ಆ ನಾಲ್ಕು ಪುಟದ ಸಿಟ್ಟು ಎಲ್ಲಿಂದ ಬರುತ್ತದೆಂದು ನನಗೆ ತಿಳಿಯುವುದಿಲ್ಲ. ಇಂಗ್ಲಿಷಿನ ಒಂದೇ ‘ವಿ’ ಆ ಜಗಳವನ್ನು ನುಂಗಿ ಕೂತಿದೆ.

ಸೊಮಾಲಿಯಾ ಎಂದರೆ ನಮ್ಮ ಪತ್ರಿಕೆಗಳಿಗೆ ಕಡಲುಗಳ್ಳರು ಮತ್ತು ಬರಗಾಲ. ಸ್ವಲ್ಪ ಓದಿಕೊಂಡವರಿಗೆ ಒಂದು ಒಗಟು: ಒಂದೇ ಭಾಷೆ, ಒಂದೇ ಧರ್ಮ, ಬಹುಪಾಲು ಒಂದೇ ಪಶುಪಾಲಕ ಬದುಕು ಇರುವ ಜನ ಹೀಗೆ ಹೇಗೆ ಒಡೆದರು? 1960ರ ಜುಲೈ 1ರಂದು ಬ್ರಿಟಿಷರ ಮತ್ತು ಇಟಲಿಯವರ ಸೊಮಾಲಿ ಪ್ರದೇಶಗಳೆರಡೂ ಕೂಡಿ ಗಣರಾಜ್ಯವಾದಾಗ, ಗಡಿಗೆರೆಗಳಲ್ಲಿ ಹಂಚಿಹೋದ ಆಫ್ರಿಕಾದಲ್ಲಿ ಇದೊಂದು ನಿಜವಾದ ರಾಷ್ಟ್ರ ಎಂದು ಹೊಗಳಿದವರೇ ಹೆಚ್ಚು. ಅವರ ಬಾವುಟದ ನಕ್ಷತ್ರಕ್ಕೆ ಐದು ಮೂಲೆ. ಕೂಡಿದ ಎರಡಲ್ಲದೆ ಜಿಬೂತಿ, ಇಥಿಯೋಪಿಯಾದ ಒಗಾಡೆನ್, ಕೆನ್ಯಾದ ಉತ್ತರ ಭಾಗಗಳಲ್ಲಿರುವ ಸೊಮಾಲಿಗಳಿಗೂ ಒಂದೊಂದು. ಇನ್ನಗ ಎಂಬುದನ್ನು ಎಷ್ಟು ದೊಡ್ಡದಾಗಿ ಬರೆಯಬಹುದೋ ಅಷ್ಟು ದೊಡ್ಡದಾಗಿ ಬರೆದರು.

ಅದೇ ಹೊತ್ತಿಗೆ ಇನ್ನೊಬ್ಬರು ಇನ್ನೊಂದನ್ನು ಬರೆಯುತ್ತಿದ್ದರು. 1955ರಿಂದ 1957ರವರೆಗೆ ಉತ್ತರದ ಬ್ರಿಟಿಷ್ ಸೊಮಾಲಿಲ್ಯಾಂಡಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1961ರಲ್ಲಿ ‘ಎ ಪ್ಯಾಸ್ಟೋರಲ್ ಡೆಮಾಕ್ರಸಿ’ ಪ್ರಕಟಿಸಿದರು. ಅಲ್ಲಿ ಬರುವ ಸೊಮಾಲಿ ಮಗು ತನ್ನ ಹೆಸರಿನ ಜೊತೆ ಅಪ್ಪನ ಹೆಸರು, ಅವನಪ್ಪನ ಹೆಸರು ಹೀಗೆ ತಲೆಮಾರುಗಳ ಸರಪಳಿಯನ್ನು ಬಾಯಿಪಾಠ ಮಾಡುತ್ತದೆ. ಇಬ್ಬರು ಅಪರಿಚಿತರು ಎದುರಾದರೆ ಅವರ ಸರಪಳಿಗಳು ಎಲ್ಲಿ ಕೂಡುತ್ತವೋ ಅಲ್ಲಿಗೆ ಅವರ ‘ನಾವು’ ನಿಲ್ಲುತ್ತದೆ. ಐದನೇ ಅಜ್ಜನಲ್ಲಿ ಕೂಡಿದವರು ಹತ್ತನೇ ಅಜ್ಜನಲ್ಲಿ ಕೂಡುವವರ ವಿರುದ್ಧ ಒಂದಾಗುತ್ತಾರೆ; ಇನ್ನೂ ದೂರದವನು ಬಂದರೆ ಈ ಎರಡೂ ಗುಂಪು ಒಂದಾಗುತ್ತವೆ. ಎದುರಿಗಿರುವವನು ಯಾರು ಎಂಬುದರ ಮೇಲೆ ‘ನಾವು’ ಹಿಗ್ಗುತ್ತದೆ, ಕುಗ್ಗುತ್ತದೆ. (ನಮ್ಮ ಕಡೆ ಮದುವೆ ಮಾತಿಗೆ ಕೂತಾಗ ಕೇಳುವ ‘ಬರಿ’ ತಾಯಿಯಿಂದ ಬರುತ್ತದೆ, ಅವರದು ಅಪ್ಪನಿಂದ. ಪ್ರಶ್ನೆ ಕೇಳುವ ದನಿ ಮಾತ್ರ ಒಂದೇ ಇರಬೇಕು.)

ಲೂಯಿಸರ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವಂಶವೃಕ್ಷವಲ್ಲ, ಲೆಕ್ಕ. ಕುಲದೊಳಗೆ ಒಂದು ಸಣ್ಣ ಘಟಕವಿದೆ. ಕೆಲವು ನೂರರಿಂದ ಕೆಲವು ಸಾವಿರ ಗಂಡಸರ ಗುಂಪು. ಗುಂಪಿನವನೊಬ್ಬ ಹೊರಗಿನವನನ್ನು ಕೊಂದರೆ ರಕ್ತಪರಿಹಾರವನ್ನು, ಅಂದರೆ ‘ಮಗ್’ ಅನ್ನು, ಎಲ್ಲರೂ ಸೇರಿ ಕಟ್ಟುತ್ತಾರೆ. ಗುಂಪಿನವನು ಸತ್ತರೆ ಬಂದ ಪರಿಹಾರದಲ್ಲಿ ಎಲ್ಲರಿಗೂ ಪಾಲು. ಗಂಡಸಿನ ಜೀವಕ್ಕೆ ರೂಢಿಯ ಪ್ರಕಾರ 100 ಒಂಟೆ, ಹೆಂಗಸಿನ ಜೀವಕ್ಕೆ 50. ಯಾರು ಎಷ್ಟು ಕೊಡಬೇಕು, ಒಳಜಗಳಕ್ಕೆ ಏನು ದಂಡ ಎಂಬುದೆಲ್ಲ ‘ಹೇರ್’ ಎಂಬ ಕಟ್ಟಳೆಯಲ್ಲಿ ಮೊದಲೇ ಗೊತ್ತುಮಾಡಿಕೊಂಡದ್ದು. ಬ್ರಿಟಿಷರ ಕಾಲದಲ್ಲಿ ಇವನ್ನು ಬರೆಸಿ ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಇಡುತ್ತಿದ್ದರು.

ಒಗ್ಗಟ್ಟು ಎಂದಾಗ ನಾವು ರಕ್ತ, ಪ್ರೀತಿ, ಅಭಿಮಾನ ಎನ್ನುತ್ತೇವೆ. ಇಲ್ಲಿ ಒಗ್ಗಟ್ಟು ಎಂದರೆ ಕರಾರು. ಮರುಭೂಮಿಯಂಥ ಸೀಮೆಯಲ್ಲಿ, ಪೊಲೀಸ್ ಠಾಣೆಯೋ ವಿಮಾ ಕಂಪನಿಯೋ ಇಲ್ಲದ ಕಡೆ, ನನ್ನನ್ನು ಕೊಂದರೆ ನೂರು ಒಂಟೆಯ ಲೆಕ್ಕ ಕೇಳುವವರಿದ್ದಾರೆ ಎಂಬುದೇ ನನ್ನ ರಕ್ಷಣೆ. ಅಜ್ಜಂದಿರ ಹೆಸರು ಬಾಯಿಪಾಠ ಮಾಡುವುದು ಹಿರಿಮೆ ಕೊಚ್ಚಿಕೊಳ್ಳಲು ಮಾತ್ರವಲ್ಲ, ಪಾಲಿಸಿ ನಂಬರು ನೆನಪಿಟ್ಟುಕೊಂಡ ಹಾಗೆ.

ಲೂಯಿಸರನ್ನು ಮುಂದಿನ ತಲೆಮಾರಿನ ವಿದ್ವಾಂಸರು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಅಲಿ ಜಿಮಾಲೆ ಅಹ್ಮದ್ ಸಂಪಾದಿಸಿದ ‘ದಿ ಇನ್ವೆನ್ಷನ್ ಆಫ್ ಸೊಮಾಲಿಯಾ’ (1995) ನೋಡಬಹುದು. ಉತ್ತರದ ಒಂಟೆ ಕಾಯುವವರ ಚಿತ್ರವನ್ನೇ ಇಡೀ ಸೊಮಾಲಿಗಳ ಚಿತ್ರವೆಂದು ಹರಡಿದರು, ದಕ್ಷಿಣದ ನದಿ ಬಯಲಿನ ರೈತರು ಎಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

ಫರಾಹ್ 1945ರಲ್ಲಿ ಬೈದೋವಾದಲ್ಲಿ ಹುಟ್ಟಿ, ಇಥಿಯೋಪಿಯಾದ ಆಳ್ವಿಕೆಯ ಒಗಾಡೆನ್ನಿನಲ್ಲಿ ಬೆಳೆದು, ಅರವತ್ತರ ದಶಕದಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೊದಲ ಕಾದಂಬರಿ ‘ಫ್ರಂ ಎ ಕ್ರುಕೆಡ್ ರಿಬ್’ (1970) ಬರೆದದ್ದು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ. ಒಂಟೆಗಳಿಗೆ ಬದಲಾಗಿ ಮುದುಕನಿಗೆ ತನ್ನನ್ನು ಕೊಡಲು ಹೊರಟ ಅಜ್ಜನಿಂದ ತಪ್ಪಿಸಿಕೊಂಡು ಓಡುವ ಎಬ್ಲಾ ಎಂಬ ಹುಡುಗಿಯ ಕಥೆ ಅದು. ಕುಲದ ‘ನಾವು’ ಒಳಗೆ ಹೆಣ್ಣು ಎಣಿಕೆಗೆ ಸಿಗುವುದು ಒಂಟೆಯ ಲೆಕ್ಕದಲ್ಲಿ ಎಂದು ಇಪ್ಪತ್ತೈದು ದಾಟದ ಹುಡುಗನೊಬ್ಬ ಚಂಡೀಗಢದಲ್ಲಿ ಕೂತು ಬರೆದ. ಆಮೇಲಿನ ಎಲ್ಲ ಫರಾಹ್ ಅಲ್ಲೇ ಇದ್ದಾರೆ ಎನಿಸುತ್ತದೆ.

‘ಮ್ಯಾಪ್ಸ್’ (1986) ನನ್ನ ಮಟ್ಟಿಗೆ ಅವರ ದೊಡ್ಡ ಕೃತಿ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಸೊಮಾಲಿ ಕೂಸು ಅಸ್ಕರ್‌ನನ್ನು ಸೊಮಾಲಿಯಲ್ಲದ, ಇಥಿಯೋಪಿಯಾದ ಕಡೆಯ ಮಿಸ್ರಾ ಎತ್ತಿ ಸಾಕುತ್ತಾಳೆ. ಅವನು ಬೆಳೆದಂತೆ ಒಗಾಡೆನ್ನಿಗಾಗಿ 1977ರ ಯುದ್ಧ ಬರುತ್ತದೆ. ಮಿಸ್ರಾ ಶತ್ರುವಿಗೆ ಸುದ್ದಿ ಕೊಟ್ಟಳೆಂಬ ಆರೋಪ ಹುಟ್ಟುತ್ತದೆ. ಅದು ನಿಜವೋ ಸುಳ್ಳೋ ಕಾದಂಬರಿ ಹೇಳುವುದಿಲ್ಲ. ಕೊನೆಗೆ ಮೊಗದಿಶುವಿನಲ್ಲಿ ಅವಳ ಕೊಲೆಯಾಗುತ್ತದೆ. ಮನೆಭಾಷೆ ಸೊಮಾಲಿಯಾದವರೆಲ್ಲ ಸೊಮಾಲಿಗಳು ಎಂದು ಅಸ್ಕರ್‌ನ ಮಾವ ಹಿಲಾಲ್ ವ್ಯಾಖ್ಯಾನ ಕೊಡುವಾಗ ಎಷ್ಟು ಉದಾರವಾಗಿ ಕೇಳುತ್ತದೆ! ಅಸ್ಕರ್‌ಗೆ ಮಾತು ಕಲಿಸಿದವಳೇ ಆ ವ್ಯಾಖ್ಯಾನದ ಹೊರಗೆ. ಇಡೀ ಕಾದಂಬರಿಯನ್ನು ಫರಾಹ್ ಸರ್ವನಾಮಗಳನ್ನು ಬದಲಿಸುತ್ತ ಬರೆದಿದ್ದಾರೆ: ಒಂದು ಅಧ್ಯಾಯದಲ್ಲಿ ಅಸ್ಕರ್ ‘ನೀನು’, ಮುಂದಿನದರಲ್ಲಿ ‘ನಾನು’, ಇನ್ನೊಂದರಲ್ಲಿ ‘ಅವನು’. ಮೊದಲ ಸಲ ಓದಿದಾಗ ಇದು ಆಧುನಿಕತೆಯ ಕಸರತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಈಗ ಹಾಗನ್ನಿಸುವುದಿಲ್ಲ. ನಾನು, ನೀನು, ಅವನು ಮೂರೂ ಇರುವ ಕಾದಂಬರಿಯಲ್ಲಿ ಒಂದಿಡೀ ಅಧ್ಯಾಯವನ್ನು ಹೊರಬಲ್ಲ ‘ನಾವು’ ಮಾತ್ರ ಇಲ್ಲ. ಅದಕ್ಕೆ ಮಿಸ್ರಾ ಬೇಕಿತ್ತು.

ಹೊರಗಿನಿಂದ ‘ನಾವು’ ಕಟ್ಟಲು ಹೋದ ಸರ್ಕಾರವೂ ಇತ್ತು. 1969ರಲ್ಲಿ ಅಧಿಕಾರ ಕಿತ್ತುಕೊಂಡ ಸಿಯಾದ್ ಬರ್ರೆ ವೈಜ್ಞಾನಿಕ ಸಮಾಜವಾದದ ಹೆಸರಿನಲ್ಲಿ ಕುಲವನ್ನೇ ನಿಷೇಧಿಸಿದ. 1970–71ರ ಹೊತ್ತಿಗೆ ಕುಲಭೇದದ ಪ್ರತಿಕೃತಿಗಳನ್ನು ಮೆರವಣಿಗೆ ಮಾಡಿ ಸುಟ್ಟರು, ಹೂತರು. ‘ಚಿಕ್ಕಪ್ಪನ ಮಗನೇ’ ಎಂದು ಕರೆಯುವ ಹಳೆಯ ವಾಡಿಕೆ ಬಿಟ್ಟು ‘ಜಾಲ್ಲೆ’, ಅಂದರೆ ಸಂಗಾತಿ, ಎಂದು ಕರೆಯಬೇಕೆಂದಾಯಿತು. 1972ರಲ್ಲಿ ಸೊಮಾಲಿಗೆ ಲಿಪಿ ಬಂತು, 1974ರಲ್ಲಿ ಶಾಲೆ ಮುಚ್ಚಿ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಅಕ್ಷರ ಕಲಿಸಲು ಕಳಿಸಿದರು. ಇವು ಸಣ್ಣ ಕೆಲಸಗಳಲ್ಲ. ಆದರೆ ನಿಷೇಧಕ್ಕೂ ಮುಂಚೆಯೇ, ಅರವತ್ತರ ದಶಕದಲ್ಲಿ, ಪೇಟೆಯ ಜನ ಕುಲ ಕೇಳುವುದು ಸಭ್ಯತೆಯಲ್ಲವೆಂದು ನಿನ್ನ ‘ಎಕ್ಸ್’ ಯಾವುದು ಎಂದು ಕೇಳಲು ಶುರುಮಾಡಿದ್ದರಂತೆ. ಮಾಜಿ ಕುಲ! ಬರ್ರೆಯ ಆಡಳಿತವನ್ನು ಕೂಡ ಜನ ಗುಟ್ಟಾಗಿ ಮೂರು ಕುಲಗಳ ಮೊದಲಕ್ಷರ ಸೇರಿಸಿ ‘ಮಾಡ್’ ಎನ್ನುತ್ತಿದ್ದರು. 1978ರಲ್ಲಿ ಯುದ್ಧ ಸೋತ ಮೇಲೆ ಮುಚ್ಚುಮರೆಯೂ ಉಳಿಯಲಿಲ್ಲ. 1988ರಲ್ಲಿ ಹರ್ಗೇಸಾ ನಗರದ ಮೇಲೆ ಬಾಂಬು ಹಾಕಿದ ವಿಮಾನಗಳು ಮೇಲೇಳುತ್ತಿದ್ದದ್ದು ಹರ್ಗೇಸಾದ್ದೇ ನಿಲ್ದಾಣದಿಂದ. 1991ರ ಜನವರಿಯಲ್ಲಿ ಬರ್ರೆ ಮೊಗದಿಶು ಬಿಟ್ಟು ಓಡಿಹೋದ, ರಾಜ್ಯ ಕುಸಿಯಿತು.

ಜೀಬ್ಲೆ ಬಂದು ಇಳಿಯುವುದು ಈ ಕುಸಿತದೊಳಗೆ. ವಿಮಾನ ಇಳಿದ ಜಾಗದಲ್ಲೇ ಬಂದೂಕಿನ ಹುಡುಗರು ಆಟಕ್ಕೆಂದು ಗುರಿಯಿಟ್ಟು ಒಬ್ಬ ಬಾಲಕನನ್ನು ಕೊಲ್ಲುತ್ತಾರೆ. ಮಗ್ ಇಲ್ಲ, ಲೆಕ್ಕ ಕೇಳುವವರಿಲ್ಲ. ಫರಾಹ್ ಈ ಸಾವನ್ನು ಮೊದಲ ಪುಟಗಳಲ್ಲೇ ಇಟ್ಟದ್ದು ಯಾಕೆಂದು ಮುದುಕರು ಬಂದಾಗ ತಿಳಿಯುತ್ತದೆ. ಕಟ್ಟಳೆ ಸತ್ತಿದೆ, ವಸೂಲಿ ಉಳಿದಿದೆ. ಸತ್ತವನಿಗೆ ಪರಿಹಾರ ಕೂಡಿಸುತ್ತಿದ್ದ ಅದೇ ಕುಲದ ಜೋಳಿಗೆಯನ್ನು ಈಗ ಕೊಲ್ಲುವ ಗಾಡಿಗೆ ಹಿಡಿದಿದ್ದಾರೆ. ‘ನಾವು’, ‘ಅವರು’ ಎಂಬ ಮಾತುಗಳು ಯಾರ ಬಾಯಲ್ಲಿ ಬಂದರೂ ಜೀಬ್ಲೆಗೆ ಆಗುವ ಕಸಿವಿಸಿಯನ್ನು ಫರಾಹ್ ಬಿಡದೆ ಹಿಂಬಾಲಿಸುತ್ತಾರೆ. ಈ ಭಾಗಗಳಲ್ಲಿ ಅವರನ್ನು ಮೀರಿಸುವವರು ಕಡಿಮೆ.

ಆದರೂ ನನಗೆ ಜೀಬ್ಲೆಯ ಮೇಲೆ ಒಂದು ತಕರಾರು ಇದೆ. ಸೊಮಾಲಿಯಲ್ಲಿ ‘ಜೀಬ್’ ಎಂದರೆ ಜೇಬು. ಅರಬ್ಬಿಯಿಂದ ಅವರಿಗೂ ಬಂದ ಪದ, ಸುತ್ತಿ ಬಳಸಿ ನಮಗೂ ಬಂದ ಪದ. ‘ಲೆ’ ಎಂದರೆ ಉಳ್ಳವನು. ಜೇಬುಳ್ಳವನು ಎಂಬ ಹೆಸರಿನ ಮನುಷ್ಯ ಕುಲಕ್ಕೆ ಇಲ್ಲ ಎನ್ನಬಲ್ಲ, ಯಾಕೆಂದರೆ ಅವನಿಗೆ ಇನ್ನೊಂದು ‘ನಾವು’ ಇದೆ. ಹಿಂತಿರುಗಲು ನ್ಯೂಯಾರ್ಕ್ ಇದೆ, ಅಲ್ಲಿ ಹೆಂಡತಿ ಮಕ್ಕಳಿದ್ದಾರೆ. ಕುಲವನ್ನು ಬಿಟ್ಟವನಿಗೂ ಕುಲವೇ ಇಲ್ಲದವನಿಗೂ ವ್ಯತ್ಯಾಸವಿದೆ. ಲೂಯಿಸರ ಚಿತ್ರದಲ್ಲಿ ಕಾಣದ ಆ ದಕ್ಷಿಣದ ರೈತರ ಮಾತಿಗೆ ಬರುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲಿ. ಜುಬ್ಬಾ ನದಿಯ ಬಯಲಲ್ಲಿ ಉಳುವವರಲ್ಲಿ ಅನೇಕರು ಹತ್ತೊಂಬತ್ತನೇ ಶತಮಾನದಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ. ಕ್ಯಾಥರೀನ್ ಬೆಸ್ಟೆಮನ್ ‘ಅನ್‌ರಾವೆಲಿಂಗ್ ಸೊಮಾಲಿಯಾ’ (1999) ಬರೆದದ್ದು ಇವರ ಬಗ್ಗೆ. 1991ರ ನಂತರ ಬಂದೂಕಿನ ಬಲದ ಕುಲವೊಂದು ಬೆನ್ನಿಗಿಲ್ಲದ ಇವರ ಕಣಜಗಳನ್ನು ಬಂದ ಬಂದ ಪಡೆಗಳೆಲ್ಲ ದೋಚಿದವು. ಮೊಗದಿಶುವಿನ ಹಳೇ ಕೇರಿಗಳ ವರ್ತಕರ ಗತಿಯೂ ಅದೇ. ‘ನಾವು’ ಎನ್ನಲು ಯಾರೂ ಇಲ್ಲದವರಿಗೆ ಏನಾಯಿತು ಎಂಬುದನ್ನು ಜೀಬ್ಲೆಯ ಸಿಟ್ಟಿನ ಪಕ್ಕ ಇಟ್ಟು ಓದಿದರೆ ಆ ಸಿಟ್ಟಿನ ಬಣ್ಣ ಬೇರೆಯಾಗಿ ಕಾಣುತ್ತದೆ.

ಕುಲದಾಚೆಯ ಬದುಕಿಗೆ ಕಾದಂಬರಿಯಲ್ಲಿ ಜಾಗವೊಂದಿದೆ. ಜೀಬ್ಲೆಯ ಜೊತೆ ಬೆಳೆದ, ಬೇರೆ ಕುಲದ ಬಿಲೆ ಎಂಬ ವೈದ್ಯ ನಡೆಸುವ ಆಶ್ರಯಧಾಮ. ಅಲ್ಲಿ ಕುಲ ಕೇಳುವುದಿಲ್ಲ. ಅದು ಎದ್ದದ್ದು ಜನ ಬಿಟ್ಟುಹೋದ ಮನೆಯೊಂದರಲ್ಲಿ ಬಿಲೆಗೆ ಸಿಕ್ಕ ಯಾರದೋ ಹಣದಿಂದ. ಫರಾಹ್ ಇದನ್ನು ಮುಚ್ಚಿಡುವುದಿಲ್ಲ, ಅದು ಅವರ ಪ್ರಾಮಾಣಿಕತೆ. ಯಾರ ಪಾಲೂ ಅಲ್ಲದ ‘ನಾವು’ ಕಟ್ಟಲು ಕೂಡ ಯಾರದಾದರೂ ಜೇಬು ಬೇಕಾಯಿತು. ಆದರೆ ಹೋಟೆಲಿಗೆ ಬಂದ ಆ ಮುದುಕರ ಒಳಗೆ ಏನಿತ್ತು? ಅವರಲ್ಲಿ ಒಬ್ಬನ ಮುಖವೂ ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಅದೇ ವರ್ಷಗಳಲ್ಲಿ, ಉತ್ತರದಲ್ಲಿ, ಅಂಥವೇ ಮುದುಕರು 1993ರಲ್ಲಿ ಬೋರಮ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಕೂತು, ಹೇರ್‌ನ ಹಳೆಯ ಭಾಷೆಯಲ್ಲೇ ಮಾತಾಡಿ, ಸೊಮಾಲಿಲ್ಯಾಂಡಿನಲ್ಲಿ ಬಂದೂಕು ಕೆಳಗಿಡುವ ಒಪ್ಪಂದಕ್ಕೆ ಬಂದಿದ್ದರು. ಅದನ್ನು ಫರಾಹ್ ಬರೆಯಬೇಕಿತ್ತು ಎಂದಲ್ಲ. ಅವರ ಊರು ಮೊಗದಿಶು. ಜೋಳಿಗೆ ಹಿಡಿದವರೂ ಶಾಂತಿ ಕೂಡಿಸಿದವರೂ ಒಂದೇ ಕಟ್ಟಳೆಯ ಮಕ್ಕಳು ಎಂಬ ಇಕ್ಕಟ್ಟು ‘ಲಿಂಕ್ಸ್’ನಲ್ಲಿ ಇಲ್ಲ, ಇದ್ದಿದ್ದರೆ ಆ ಸನ್ನಿವೇಶ ಇನ್ನೂ ಕಷ್ಟದ್ದಾಗುತ್ತಿತ್ತು.

ಬೋರಮದ ಮುದುಕರನ್ನೂ ಹೆಚ್ಚು ಹೊಗಳುವ ಹಾಗಿಲ್ಲ. ಮತ ಹಾಕಿದವರೆಲ್ಲ ಗಂಡಸರು. ದಕ್ಷಿಣದಲ್ಲಿ ಇನ್ನೊಂದು ಲೆಕ್ಕ ಬಂತು: 2000ದಲ್ಲಿ ಜಿಬೂತಿಯ ಆರ್ತಾದಲ್ಲಿ ಸಂಸತ್ತಿನ ಸ್ಥಾನ ಹಂಚಲು 4.5 ಎಂಬ ಸೂತ್ರ ಮಾಡಿದರು. ನಾಲ್ಕು ದೊಡ್ಡ ಕುಲಗಳಿಗೆ ಸಮಪಾಲು, ಉಳಿದವರೆಲ್ಲ ಸೇರಿ ಅರ್ಧ. ಜುಬ್ಬಾದ ರೈತರು ಆ ಅರ್ಧದಲ್ಲಿ. ಹೆಣ್ಣಿಗೆ 50 ಒಂಟೆ, ಅಲ್ಪಸಂಖ್ಯಾತನಿಗೆ 0.5. ಅರ್ಧ ಎಂಬ ಸಂಖ್ಯೆ ಬೆನ್ನು ಬಿಡುವುದಿಲ್ಲ. ಫರಾಹ್ ಮುಂದಿನ ಕಾದಂಬರಿ ‘ನಾಟ್ಸ್’ (2007) ಅನ್ನು ಟೊರೊಂಟೊದಿಂದ ಮರಳಿ ಮೊಗದಿಶುವಿನಲ್ಲಿ ತನ್ನ ಮನೆ ಬಿಡಿಸಿಕೊಳ್ಳುವ ಅಂಬರಾ ಮತ್ತು ಅವಳ ಬೆನ್ನಿಗೆ ನಿಲ್ಲುವ ಹೆಂಗಸರ ಕೂಟಕ್ಕೆ ಕೊಟ್ಟದ್ದು ಈ ಅರ್ಧಕ್ಕೆ ಉತ್ತರವಾಗಿ ಎಂದುಕೊಳ್ಳುತ್ತೇನೆ. ಕಾದಂಬರಿಯಾಗಿ ಅದು ‘ಲಿಂಕ್ಸ್’ಗಿಂತ ಸಡಿಲ, ನಡುವೆ ಎಳೆಯುತ್ತದೆ. ಆದರೆ ಜೀಬ್ಲೆಗೆ ಹೊಳೆಯದ ಒಂದು ದಾರಿ ಅಂಬರಾಗೆ ಹೊಳೆಯುತ್ತದೆ.

ಇಂಗ್ಲಿಷ್ ಕಾದಂಬರಿ ಬಿಟ್ಟು ಸೊಮಾಲಿ ಕವಿಗಳ ಕಡೆಗೂ ಒಂದು ಮಾತು. ಸೊಮಾಲಿ ಕಾವ್ಯದಲ್ಲಿ ಇಡೀ ಪದ್ಯ ಒಂದೇ ಅಕ್ಷರದ ಅನುಪ್ರಾಸದಲ್ಲಿ ಸಾಗಬೇಕು. ನಮ್ಮ ಹಳಗನ್ನಡದವರು ಎರಡನೇ ಅಕ್ಷರದ ಪ್ರಾಸ ಬಿಡದೆ ಹಿಡಿದ ಹಾಗೆ, ಅದಕ್ಕಿಂತ ಕಠಿಣವಾಗಿ. 1979ರ ಕೊನೆಗೆ ಗಾರ್ಯೆ ಎಂಬ ಕವಿ ಕುಲಭೇದವನ್ನು ಖಂಡಿಸಿ ‘ದ’ ಅಕ್ಷರದಲ್ಲಿ ಒಂದು ಪದ್ಯ ಕಟ್ಟಿದ. ಅದಕ್ಕೆ ಹದ್ರಾವಿ ಸೇರಿದಂತೆ ಹತ್ತಾರು ಕವಿಗಳು ಉತ್ತರಿಸಿದರು. ಒಪ್ಪಿ, ಜಗಳವಾಡಿ, ಹಂಗಿಸಿ, ಎಲ್ಲರೂ ಅದೇ ‘ದ’ದಲ್ಲಿ. ‘ದೇಲ್ಲೆಯ್’ ಎಂದು ಹೆಸರಾದ ಈ ಸರಣಿ ಬರ್ರೆಯ ಕಣ್ಣು ತಪ್ಪಿಸಿ ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಕುಲದ ಮೇಲೆ ಜಗಳ, ಆದರೆ ಜಗಳವಾಡುವವರೆಲ್ಲ ಒಂದು ಅಕ್ಷರಕ್ಕೆ ಕಟ್ಟುಬಿದ್ದವರು. ಫರಾಹ್‌ರ ಒಂಟಿ ನಾಯಕರಿಗೆ ಈ ಸುಖ ಸಿಗಲಿಲ್ಲ. ಅನುವಾದದಲ್ಲಿ ‘ದ’ ಹೋಗಿಬಿಡುತ್ತದೆ, ಆಗ ಉಳಿಯುವುದು ಬರೀ ಜಗಳ.

ಜೀಬ್ಲೆಯ ಹಾಗೆ ಎದ್ದು ಬಾಗಿಲು ತೋರಿಸಲು ನನಗೆ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ದುಡ್ಡು ಹೊಂದಿಸಿದವರು ಕುಟುಂಬದ ಮನೆಯವರು ಮತ್ತು ಊರಿನ ನಮ್ಮ ಜಾತಿಯ ಸಂಘದವರು. ನಾಲ್ಕು ದಿನದಲ್ಲಿ ಹಣ ಕೂಡಿತು. ವಿಶ್ವವಿದ್ಯಾಲಯದ ಚರ್ಚೆಗಳಲ್ಲಿ ಜಾತಿ ಸಂಘಗಳ ವಿರುದ್ಧ ನಾನು ಮಾತಾಡಿದ್ದೆಷ್ಟೋ! ಅಪ್ಪ ಇವತ್ತು ತೋಟಕ್ಕೆ ಹೋಗಿ ಅಡಿಕೆ ಹೆಕ್ಕುತ್ತಾರೆ. ಮಗ್‌ನ ಲೆಕ್ಕ ಓದುವಾಗ ನಾನು ಅದನ್ನು ಹೊರಗಿನವಳಾಗಿ ಓದಲಿಲ್ಲ.

ಕೊನೆಗೆ ಅನುವಾದದಲ್ಲಿ ಮುದುಕರ ಬಾಯಿಗೆ ‘ನಾವು’ ಬಿಟ್ಟು ‘ನಮ್ಮೋರು’ ಎಂದು ಹಾಕಿದೆ. ‘ಅವರು ನಮ್ಮೋರಾ?’ ಎಂದು ನಾವು ದನಿ ತಗ್ಗಿಸಿ ಕೇಳುವ ನಮ್ಮೋರು. ಸೆಮಿನಾರಿನಲ್ಲಿ ಜೂನಿಯರ್ ಒಬ್ಬಳು ಎದ್ದು, “ಅಕ್ಕ, ನಮ್ಮೋರು ಅಂದ್ರೆ ಜಾತಿ ವಾಸನೆ ಬರ್ತದಲ್ವಾ, ಅಲ್ಲಿ ಜಾತಿ ಎಲ್ಲಿದೆ?” ಎಂದಳು. ಚರ್ಮ ಹದಮಾಡುವವರು, ಕಬ್ಬಿಣದ ಕೆಲಸದವರು ಎಂದು ಹೆಣ್ಣು ಕೊಟ್ಟು ತರದೆ ದೂರ ಇಟ್ಟಿರುವ ಗುಂಪುಗಳು ಸೊಮಾಲಿಗಳಲ್ಲೂ ಇವೆ ಎಂದು ಹೇಳಿದೆ. ಅದು ಪೂರ್ತಿ ಉತ್ತರವಲ್ಲ ಎಂದು ಅವಳಿಗೂ ಗೊತ್ತಾಯಿತು, ನನಗೂ.

ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ, ಆಪರೇಷನ್‌ಗೆ ಯಾರ್‍ಯಾರು ಕೊಟ್ಟಿದ್ದರು ಎಂದು. ಅಮ್ಮ ಕಪಾಟಿನಿಂದ ನೂರು ಪುಟದ ಒಂದು ಪುಸ್ತಕ ತಂದಳು. ಹೆಸರು, ಮೊತ್ತ, ತಾರೀಖು. ಮದುವೆ, ಗೃಹಪ್ರವೇಶಗಳಲ್ಲಿ ತಿರುಗಿ ಮುಟ್ಟಿಸಿದವಕ್ಕೆ ಗೆರೆ ಎಳೆದಿದ್ದಳು. ಕೊನೆಯ ಪುಟದಲ್ಲಿ ಒಂದೇ ಒಂದು ಹೆಸರು ಬೇರೆಯಾಗಿ ಇತ್ತು. ಬೇರೆ ಜಾತಿಯಲ್ಲಿ ಮದುವೆಯಾದಳೆಂದು ಕುಟುಂಬದ ಮನೆಯ ಯಾವ ಕಾರ್ಯಕ್ಕೂ ಕರೆಯದ ನನ್ನ ದೊಡ್ಡಮ್ಮನ ಮಗಳದು. ಅವಳು ಐದು ಸಾವಿರ ಕಳಿಸಿದ್ದಳಂತೆ. ಇವಳದು ಯಾಕೆ ಇಲ್ಲಿ, ಉಳಿದವರ ಜೊತೆ ಯಾಕಿಲ್ಲ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಪುಸ್ತಕ ನೋಡಿ, “ಅದು ಬೇರೆ” ಎಂದಳು. ಆ ಹೆಸರಿಗೆ ಇನ್ನೂ ಗೆರೆ ಎಳೆದಿರಲಿಲ್ಲ.